ಗ್ಯಾಸ್ ಸುಡುವ ಬೆಂಕಿ: ನೀವು ಕೇಳಿದ್ದು, ನಾನು ಕಂಡದ್ದು

ಹೋದ ತಿಂಗಳು ಇದೇ ಪುಟದಲ್ಲಿ ಅಡುಗೆ ಗ್ಯಾಸಿನ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ: ಎಣ್ಣೆ ಬಾವಿಗಳ ಬಳಿ ಎಷ್ಟೋ ಗ್ಯಾಸನ್ನು ಹಾಗೇ ಸುಟ್ಟುಬಿಡುತ್ತಾರೆ ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಭಟ್ಕಳದಿಂದ ಕಾರವಾರದವರೆಗೆ ಬಂದಿವೆ, ಘಟ್ಟದ ಮೇಲೆ ಶಿರಸಿಯಿಂದಲೂ ಬಂದಿವೆ. ನಮ್ಮ ಕರಾವಳಿಯಲ್ಲಿ ಕೊಲ್ಲಿಗೆ ಹೋದವರಿಲ್ಲದ ಕೇರಿ ಕಡಿಮೆ, ಅಲ್ವಾ? ನಾನೂ ಹೋದವನೇ. ಕುಮಟಾದಿಂದ ಹೊರಟು 19 ವರ್ಷ ಅಲ್ಲಿನ ಎಣ್ಣೆ, ಗ್ಯಾಸ್ ಪ್ಲಾಂಟುಗಳಲ್ಲಿ ಆಪರೇಟರ್ ಆಗಿ ದುಡಿದು ಬಂದಿದ್ದೇನೆ. ಆ ಬೆಂಕಿಯ ಬೆಳಕಲ್ಲಿ ಎಷ್ಟು ನೈಟ್ ಶಿಫ್ಟ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಈ ಸಲ ಪೂರ್ತಿ ಪುಟ ಇದಕ್ಕೇ.

ಪ್ರಶ್ನೆ: ನಮ್ಮ ಮನೆಯವರು ಕೊಲ್ಲಿಯಲ್ಲಿ ಎಣ್ಣೆ ಬಾವಿ ಹತ್ತಿರದ ಪ್ಲಾಂಟಲ್ಲಿ ಕೆಲಸದಲ್ಲಿದ್ದಾರೆ. ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಅವರ ಹಿಂದೆ ದೊಡ್ಡ ಬೆಂಕಿ ಕಾಣುತ್ತದೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಒಂದು ದಿನವೂ ಆರಿದ್ದು ಕಂಡಿಲ್ಲ. ಕೇಳಿದರೆ "ಬೇಡದ ಗ್ಯಾಸು, ಸುಡ್ತಾರೆ" ಅನ್ನುತ್ತಾರೆ. ಇಲ್ಲಿ ನಾವು ಸಿಲಿಂಡರ್ ಎಷ್ಟು ದಿನ ಬರುತ್ತದೆ ಅಂತ ಎಣಿಸಿಕೊಂಡು ಒಲೆ ಹಚ್ಚುತ್ತೇವೆ. ಗ್ಯಾಸು ಬೇಡದ್ದು ಹೇಗಾಗುತ್ತದೆ ಸರ್? ಅಲ್ಲೇ ಇರುವುದರಿಂದ ಅವರ ಆರೋಗ್ಯಕ್ಕೆ ತೊಂದರೆ ಇಲ್ಲವಾ?
ಗೃಹಿಣಿ, ಭಟ್ಕಳ

ಉತ್ತರ: ತಂಗಿ, ನಿಮ್ಮ ಪ್ರಶ್ನೆಯನ್ನೇ ನಾನು 1993ರಲ್ಲಿ ನನ್ನ ಮೊದಲ ಫೋರ್‌ಮನ್‌ಗೆ ಕೇಳಿದ್ದೆ. ಆಗ ನಮ್ಮ ಮನೆಯಲ್ಲಿ ಗ್ಯಾಸ್ ಇರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ ಅದು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಆಯಿಯ ಕಣ್ಣು ಕೆಂಪಾಗಿರುತ್ತಿತ್ತು. ನಾನು ಅಲ್ಲಿ ಕೂತು ಮೂರು ಆಳೆತ್ತರದ ಬೆಂಕಿಯನ್ನು ರಾತ್ರಿಯಿಡೀ ನೋಡುತ್ತಿದ್ದೆ. ಅದು ಯಾರಿಗೂ ಅನ್ನ ಬೇಯಿಸುತ್ತಿರಲಿಲ್ಲ. ಆ ಸಂಕಟ ನನಗೆ ಈಗಲೂ ಹೋಗಿಲ್ಲ.

ವಿಷಯ ಇಷ್ಟು. ಕಚ್ಚಾ ಎಣ್ಣೆ ನೆಲದೊಳಗೆ ಭಾರೀ ಒತ್ತಡದಲ್ಲಿರುತ್ತದೆ. ಆ ಒತ್ತಡಕ್ಕೆ ಗ್ಯಾಸು ಎಣ್ಣೆಯೊಳಗೇ ಕರಗಿ ಕೂತಿರುತ್ತದೆ. ಎಣ್ಣೆ ಮೇಲೆ ಬಂತು, ಒತ್ತಡ ಇಳಿಯಿತು, ಗ್ಯಾಸು ಬೇರೆಯಾಯಿತು. ಗೋಲಿ ಸೋಡಾದ ಗೋಲಿ ಒತ್ತಿದಾಗ ಬುಸ್ ಅಂತ ನೊರೆ ಏಳುತ್ತಲ್ಲ, ಹಾಗೆ. ಅಂದರೆ ಗ್ಯಾಸು ಬೇಕು ಅಂತ ಯಾರೂ ಅಲ್ಲಿ ಬಾವಿ ತೋಡಿರುವುದಿಲ್ಲ. ಎಣ್ಣೆಯ ಜೊತೆಗೆ ಅದು ತಾನಾಗಿ ಬರುತ್ತದೆ.

ಈಗ ನಮ್ಮ ಬೇಣಕ್ಕೆ ಬನ್ನಿ. ಗೇರು ಹಣ್ಣಿನ ಕಾಲಕ್ಕೆ ನಾವು ಏನು ಮಾಡುತ್ತೇವೆ? ಬೀಜ ತಿರುಚಿ ಬುಟ್ಟಿಗೆ ಹಾಕುತ್ತೇವೆ, ಹಣ್ಣನ್ನು ಮರದ ಬುಡದಲ್ಲೇ ಬಿಟ್ಟು ಬರುತ್ತೇವೆ. ಹಣ್ಣು ಕೆಟ್ಟದ್ದು ಅಂತಲ್ಲ. ಬೀಜವನ್ನು ಒಣಗಿಸಿ ತಿಂಗಳುಗಟ್ಟಲೆ ಇಡಬಹುದು, ಚೀಲದಲ್ಲಿ ತುಂಬಿ ಪೇಟೆಗೆ ಕಳಿಸಬಹುದು. ಹಣ್ಣು ಮಾರನೇ ದಿನಕ್ಕೆ ಕೊಳೆಯುತ್ತದೆ. ಅದೇ ಕಾಳಿ ದಾಟಿ ಗೋವಾ ಗಡಿ ಹೊಕ್ಕರೆ ಆ ಹಣ್ಣನ್ನೇ ಹಿಂಡಿ ಫೆನಿ ಮಾಡುತ್ತಾರೆ, ಅಲ್ಲಿ ಅದಕ್ಕೆ ದುಡ್ಡು. ಎಣ್ಣೆ ಅಂದರೆ ಗೇರುಬೀಜ. ಹಡಗಿಗೆ ತುಂಬಿದರೆ ಆಯಿತು. ಗ್ಯಾಸು ಗೇರುಹಣ್ಣು. ಅದನ್ನು ಸಾಗಿಸಲು ಪೈಪ್ ಹಾಸಬೇಕು, ಇಲ್ಲಾಂದ್ರೆ ಸೊನ್ನೆಗಿಂತ 162 ಡಿಗ್ರಿ ಕೆಳಕ್ಕೆ ತಣ್ಣಗೆ ಮಾಡಿ ದ್ರವ ಮಾಡಬೇಕು. ಹಾಗೆ ಮಾಡಿದರೆ 600 ಪಾಲು ಜಾಗದಲ್ಲಿದ್ದದ್ದು ಒಂದು ಪಾಲಿಗೆ ಇಳಿಯುತ್ತದೆ, ಹಡಗಿಗೆ ಹತ್ತುತ್ತದೆ. ಆದರೆ ಅಂಥ ಪ್ಲಾಂಟಿಗೆ ಸಾವಿರಾರು ಕೋಟಿ ಬೇಕು. ಬಾವಿ ದೂರದ ಮರಳುಗಾಡಲ್ಲಿದೆ, ಸುತ್ತ ಊರಿಲ್ಲ, ಎಣ್ಣೆಯ ಲಾಭ ಹೇಗೂ ಕೈಗೆ ಬರುತ್ತಿದೆ ಅಂದಾಗ ಕಂಪನಿಯವರು ಕೂತು ಲೆಕ್ಕ ಹಾಕುತ್ತಾರೆ, ಪೈಪಿಗಿಂತ ಬೆಂಕಿಯೇ ಅಗ್ಗ ಅನ್ನುತ್ತಾರೆ. ಅದಕ್ಕೇ ಅದು "ಬೇಡದ್ದು" ಆಗುತ್ತದೆ.

ಎಷ್ಟು ಸುಡುತ್ತಾರೆ ಗೊತ್ತಾ? ವಿಶ್ವ ಬ್ಯಾಂಕ್ ಪ್ರತಿವರ್ಷ ಲೆಕ್ಕ ಕೊಡುತ್ತದೆ. 2024ರಲ್ಲಿ ಜಗತ್ತಿನಲ್ಲಿ ಹೀಗೆ ಸುಟ್ಟದ್ದು 15,100 ಕೋಟಿ ಘನ ಮೀಟರ್. 2007ರ ನಂತರ ಅಲ್ಲಿವರೆಗೆ ಇಷ್ಟು ಸುಟ್ಟಿರಲಿಲ್ಲ. ನಮ್ಮ ದೇಶ ಒಂದು ವರ್ಷಕ್ಕೆ ಬಳಸುವ ನೈಸರ್ಗಿಕ ಅನಿಲ ಸುಮಾರು 7,000 ಕೋಟಿ ಘನ ಮೀಟರ್, ಅದರಲ್ಲೂ ಹತ್ತಿರ ಹತ್ತಿರ ಅರ್ಧ ಹೊರಗಿಂದ ತರಿಸಿದ್ದು. ಅಂದರೆ ಇಡೀ ಭಾರತಕ್ಕೆ ಎರಡು ವರ್ಷಕ್ಕೆ ಆಗಿ ಮಿಕ್ಕುವಷ್ಟು ಗ್ಯಾಸು ಒಂದೇ ವರ್ಷದಲ್ಲಿ ಆಕಾಶಕ್ಕೆ ಹೋಯಿತು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳಬೇಕೆಂದರೆ, ಒಂದು 14.2 ಕೆಜಿ ಸಿಲಿಂಡರಿನ ಶಾಖ ಸುಮಾರು 18 ಘನ ಮೀಟರ್ ನೈಸರ್ಗಿಕ ಅನಿಲದ ಶಾಖಕ್ಕೆ ಸಮ. ಭಾಗಿಸಿ ನೋಡಿ, 800 ಕೋಟಿಗೂ ಜಾಸ್ತಿ ಸಿಲಿಂಡರ್ ಆಗುತ್ತದೆ. ದೇಶದಲ್ಲಿ ಅಡುಗೆ ಗ್ಯಾಸ್ ಸಂಪರ್ಕ ಇರುವುದು 33 ಕೋಟಿ ಆಸುಪಾಸು. ಪ್ರತಿ ಮನೆಗೂ ತಿಂಗಳಿಗೊಂದರಂತೆ ಎರಡು ವರ್ಷ ಕೊಡಬಹುದಿತ್ತು.

ಇನ್ನೊಂದು ಮಾತು. ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಎಣ್ಣೆ ಜೊತೆ ಬರುವ ಗ್ಯಾಸಿನಲ್ಲಿ ಮೀಥೇನ್ ಜೊತೆಗೆ ಅವೂ ಇರುತ್ತವೆ. ನಮ್ಮ ದೇಶದ ಅಡುಗೆ ಗ್ಯಾಸಿನ ಅರ್ಧಕ್ಕಿಂತ ಜಾಸ್ತಿ ಆಮದು, ಅದರ ಬಹುಪಾಲು ಬರುವುದು ಕತಾರ್, ಕುವೈತ್, ಎಮಿರೇಟ್ಸ್, ಸೌದಿ ಕಡೆಯಿಂದಲೇ. ಹಾಗಾಗಿ ವಿಡಿಯೋದಲ್ಲಿ ಕಾಣುವ ಬೆಂಕಿಯಲ್ಲಿ ನಿಮ್ಮ ಒಲೆಗೆ ಬರಬಹುದಾಗಿದ್ದದ್ದೂ ಇದೆ. ಸುಮ್ನೆ ಹೇಳುವ ಮಾತಲ್ಲ ಇದು.

ಇನ್ನು ಆರೋಗ್ಯ. ಬೆಂಕಿ ದೂರ ಇದ್ದು ಎತ್ತರದ ಕಂಬದ ಮೇಲಿದ್ದರೆ ಶಾಖದ ಭಯ ಇಲ್ಲ. ಕಪ್ಪು ಹೊಗೆ ಬರುತ್ತಿದ್ದರೆ, ಗಾಳಿ ಅವರ ಕ್ಯಾಂಪಿನ ಕಡೆಗೇ ಬೀಸುತ್ತಿದ್ದರೆ ಎದೆ, ಉಸಿರಾಟದ ಬಗ್ಗೆ ಹೆಚ್ಚು ಎಚ್ಚರ ಬೇಕು. ಮಸಿಯ ಕಣಗಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಸರಿಯಾಗಿ ಉರಿಯದ ಬೆಂಕಿಯಿಂದ ಬೆಂಜೀನ್‌ನಂಥ ವಿಷವೂ ಹೊರಬೀಳುತ್ತದೆ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಶ್ವಾಸಕೋಶದ ತಪಾಸಣೆ ಮಾಡಿಸಿ.

ಅದಕ್ಕಿಂತ ಮುಖ್ಯ ಹೈಡ್ರೋಜನ್ ಸಲ್ಫೈಡ್. ಕೆಲವು ಬಾವಿಗಳ ಗ್ಯಾಸಿನಲ್ಲಿ ಇದು ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ, ಆಗಲೇ ಅಪಾಯ. ಎದೆಗೆ ಸಿಕ್ಕಿಸಿಕೊಳ್ಳುವ ಸಣ್ಣ ಡಿಟೆಕ್ಟರ್ ಒಂದು ದಿನವೂ ರೂಮಿನಲ್ಲಿ ಬಿಟ್ಟು ಹೋಗಬೇಡಿ ಅಂತ ಅವರಿಗೆ ನನ್ನ ಹೆಸರಲ್ಲಿ ಹೇಳಿ. ಅದು ಕೂಗಿದರೆ ಗಾಳಿಚೀಲ, ಅಂದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ನೋಡಿ, ಗಾಳಿಗೆ ಅಡ್ಡವಾಗಿ ಸರಿದು ಎದುರುಗಾಳಿಯ ಕಡೆಗೆ ಹೋಗಬೇಕು. ಬಿದ್ದವನನ್ನು ಎತ್ತಲು ಮಾಸ್ಕ್ ಇಲ್ಲದೆ ಓಡಬಾರದು. ಗೆಳೆಯನನ್ನು ಉಳಿಸಲು ಹೋಗಿ ತಾವೂ ಬಿದ್ದವರಿದ್ದಾರೆ.

ಪ್ರಶ್ನೆ: ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಾಗಾದರೆ ಸುಡದೆ ಹಾಗೇ ಗಾಳಿಗೆ ಬಿಟ್ಟರೆ ಒಳ್ಳೆಯದಲ್ಲವೇ? ಮತ್ತೆ ಈ ಕೋಟಿ ಕೋಟಿ ಲೆಕ್ಕ ಯಾರು, ಹೇಗೆ ಹಾಕುತ್ತಾರೆ?
ಬಿ.ಎಸ್ಸಿ. ವಿದ್ಯಾರ್ಥಿ, ಕುಮಟಾ

ಉತ್ತರ: ಬಿಡಬಾರದು. ಮೀಥೇನ್ ಹಾಗೇ ಗಾಳಿಗೆ ಸೇರಿದರೆ, 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ. ಒಂದು ಕೆಜಿ ಮೀಥೇನ್ ಸುಟ್ಟರೆ 2.75 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಸುಡದೆ ಬಿಟ್ಟರೆ 80 ಕೆಜಿಗೆ ಸಮ. ನೀವೇ ಹೋಲಿಸಿ.

ಇಲ್ಲೇ ದೊಡ್ಡ ತಪ್ಪೊಂದು ನಡೆಯುತ್ತಿತ್ತು. ಕಂಬದ ತುದಿಗೆ ಹೋದ ಗ್ಯಾಸಿನಲ್ಲಿ 98 ಪಾಲು ಸುಟ್ಟುಹೋಗುತ್ತದೆ, ಎರಡು ಪಾಲು ಮಾತ್ರ ತಪ್ಪಿಸಿಕೊಳ್ಳುತ್ತದೆ ಅಂತ ಎಲ್ಲರೂ ನಂಬಿದ್ದರು. ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ಹೋಗಿ, ಹೀಗೆ ಗ್ಯಾಸು ಸುಡುವ ಫ್ಲೇರ್‌ಗಳ ಪಕ್ಕದ ಗಾಳಿಯನ್ನೇ ಅಳೆದು ನೋಡಿ 2022ರಲ್ಲಿ ಪ್ರಕಟಿಸಿದರು: ಅಲ್ಲಿನ ಮೂರು ಎಣ್ಣೆ ಪ್ರದೇಶಗಳಲ್ಲಿ ಎಲ್ಲ ಸೇರಿಸಿ ನಾಶವಾಗುತ್ತಿದ್ದ ಮೀಥೇನ್ ನೂರಕ್ಕೆ 91 ಮಾತ್ರ. ಎರಡು ಎಲ್ಲಿ, ಒಂಬತ್ತು ಎಲ್ಲಿ! ಕೆಲವು ಕಡೆ ಬೆಂಕಿ ಸರಿಯಾಗಿ ಉರಿಯುತ್ತಿರಲಿಲ್ಲ. ಇನ್ನು ಕೆಲವು ಕಡೆ ಬೆಂಕಿ ಆರಿಯೇ ಹೋಗಿತ್ತು, ಗ್ಯಾಸು ಮಾತ್ರ ಹೋಗುತ್ತಲೇ ಇತ್ತು.

ಇದು ನನಗೆ ಹೊಸದಲ್ಲ. ಕಂಬದ ತುದಿಯಲ್ಲಿ ಯಾವಾಗಲೂ ಉರಿಯುವ ಒಂದು ಸಣ್ಣ ಕಿಡಿಬೆಂಕಿ ಇರುತ್ತದೆ, ಪೈಲಟ್ ಅನ್ನುತ್ತೇವೆ. ದೇವರ ಮುಂದಿನ ನಂದಾದೀಪ ಇದ್ದಂತೆ ಅದು, ಆರಬಾರದು. ಒಂದು ರಾತ್ರಿ ಮರಳುಗಾಳಿ ಎದ್ದು ನಾನಿದ್ದ ಪ್ಲಾಂಟಿನ ಪೈಲಟ್ ಆರಿತು. ತಿಳಿಸಬೇಕಿದ್ದ ಅಲಾರಂ ವಾರದ ಹಿಂದೆಯೇ ಕೆಟ್ಟಿತ್ತು, ರಿಪೇರಿ ಮುಂದೂಡಿದ್ದರು. ಮರಳಿನ ಮಧ್ಯೆ ಬೆಂಕಿ ಕಾಣುತ್ತಿಲ್ಲ, ಧೂಳಿಗೆ ಹಾಗಾಗಿರಬೇಕು ಅಂದುಕೊಂಡೆವು. ಎರಡು ತಾಸು ಗ್ಯಾಸು ಹಾಗೇ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ದಿನದ ಲಾಗ್ ಪುಸ್ತಕದಲ್ಲಿ ಅದು "ಸುಟ್ಟದ್ದು" ಅಂತಲೇ ಬರೆಯಲ್ಪಟ್ಟಿತು. ಬರೆದ ಕೈ ನನ್ನದೇ. ಅದಕ್ಕೇ ಕಂಪನಿಗಳು ತಾವೇ ಕೊಡುವ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಲೆಕ್ಕ ಹಾಕುವುದು ಉಪಗ್ರಹದಿಂದ. 2011ರಲ್ಲಿ ಅಮೆರಿಕ ಹಾರಿಸಿದ ಸುವೋಮಿ ಎನ್‌ಪಿಪಿ ಉಪಗ್ರಹದಲ್ಲಿ ಒಂದು ಉಪಕರಣ ಇದೆ. ರಾತ್ರಿ ಹೊತ್ತು ಭೂಮಿಯ ಮೇಲಿನ ಬಿಸಿ ಚುಕ್ಕೆಗಳನ್ನು ಅವಗೆಂಪು ಬೆಳಕಿನಲ್ಲಿ ನೋಡುತ್ತದೆ. ಕಾಡಿನ ಬೆಂಕಿ, ಗದ್ದೆಯಲ್ಲಿ ಹುಲ್ಲು ಸುಟ್ಟ ಬೆಂಕಿ ಅಷ್ಟು ಬಿಸಿ ಇರುವುದಿಲ್ಲ. ಫ್ಲೇರ್ ಬೆಂಕಿ 1,500 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಜಾಗವೂ ಬದಲಾಗುವುದಿಲ್ಲ. ಹಾಗಾಗಿ ಗುರುತು ಸಿಗುತ್ತದೆ. ಹೊಳಪು ನೋಡಿ ಎಷ್ಟು ಗ್ಯಾಸು ಸುಟ್ಟಿತು ಅಂತ ಅಂದಾಜು ಮಾಡುತ್ತಾರೆ. ಆರಿಹೋದ ಫ್ಲೇರ್ ಮಾತ್ರ ಈ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹಿಡಿಯಲು ಮೀಥೇನನ್ನೇ ನೋಡುವ ಬೇರೆ ಉಪಗ್ರಹಗಳು ಬಂದಿವೆ. ಎಂ.ಎಸ್ಸಿ.ಗೆ ಹೋಗುವ ಮನಸ್ಸಿದ್ದರೆ ಈ ದಾರಿ ನೋಡಿ, ಮಾಡಲು ಬೇಕಾದಷ್ಟು ಕೆಲಸ ಇದೆ.

ಪ್ರಶ್ನೆ: ನಮ್ಮಲ್ಲಿ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಇದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ದನ ಮಾತ್ರ ಅಷ್ಟೇ ಇವೆ. ಗ್ಯಾಸು ಮಿಕ್ಕುತ್ತದೆ. ಡ್ರಮ್ ಪೂರ್ತಿ ಮೇಲೆ ಬಂದಾಗ ವಾಲ್ವ್ ತೆಗೆದು ಗಾಳಿಗೆ ಬಿಡುತ್ತೇನೆ. ನಿಮ್ಮ ಲೇಖನ ಓದಿದ ಮೇಲೆ ನಾನೂ ಅದೇ ತಪ್ಪು ಮಾಡುತ್ತಿದ್ದೇನಾ ಅಂತ ಅನಿಸಿತು. ಸುಟ್ಟುಬಿಡಲಾ?
ಅಡಕೆ ಬೆಳೆಗಾರರು, ಶಿರಸಿ

ಉತ್ತರ: ನೀವು ಇದನ್ನು ಕೇಳಿದ್ದು ನನಗೆ ಬಹಳ ಸಂತೋಷ. ಶಿರಸಿ ಕಡೆಯ ಗೋಬರ್ ಗ್ಯಾಸ್ ಘಟಕಗಳು ಕೆಡದೆ ವರ್ಷಗಟ್ಟಲೆ ನಡೆಯುತ್ತಿರುವುದನ್ನು ಸಂಶೋಧಕರು ಬಂದು ನೋಡಿ, ಬೇರೆ ಊರಿಗೆ ಮಾದರಿ ಅಂತ ಬರೆದಿದ್ದಾರೆ. ಅಂಥ ಊರಿನಲ್ಲೇ ಈ ವಾಲ್ವ್ ತೆಗೆಯುವ ರೂಢಿಯೂ ಸದ್ದಿಲ್ಲದೆ ಬೆಳೆಯುತ್ತಿದೆ. ಮನೆಯಲ್ಲಿ ಉಣ್ಣುವ ಬಾಯಿ ಕಡಿಮೆಯಾಗಿವೆ, ಅದೇ ಕಾರಣ.

ಮೊದಲು ಲೆಕ್ಕ. ಗೋಬರ್ ಗ್ಯಾಸಿನಲ್ಲಿ 55ರಿಂದ 60 ಪಾಲು ಮೀಥೇನ್. ಒಂದು ಘನ ಮೀಟರ್ ಗ್ಯಾಸಿನಲ್ಲಿ ಸುಮಾರು 400 ಗ್ರಾಂ ಮೀಥೇನ್ ಅಂತ ಹಿಡಿಯಿರಿ. ದಿನಕ್ಕೆ ಒಂದು ಘನ ಮೀಟರ್ ಬಿಟ್ಟರೆ ವರ್ಷಕ್ಕೆ 146 ಕೆಜಿ ಆಯಿತು. ನೂರು ವರ್ಷದ ಲೆಕ್ಕದಲ್ಲಿ, ಅಂದರೆ ಮೀಥೇನ್ 28 ಪಟ್ಟು ಅಂತ ಹಿಡಿದು ತೀರಾ ಮೆತ್ತಗೆ ಲೆಕ್ಕ ಹಾಕಿದರೂ, ಅದು 4 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಪೆಟ್ರೋಲ್ ಕಾರಿನಲ್ಲಿ ಶಿರಸಿಯಿಂದ ಬೆಂಗಳೂರಿಗೆ ವರ್ಷದಲ್ಲಿ ಮೂವತ್ತು ಸಲ ಹೋಗಿ ಬಂದ ಹಾಗೆ. ಸುಟ್ಟರೆ ಈ ಹೊರೆ ಇಲ್ಲ. ಸಗಣಿಯಿಂದ ಬರುವ ಕಾರ್ಬನ್ ಡೈಆಕ್ಸೈಡ್ ದನ ತಿಂದ ಹುಲ್ಲಿನದ್ದು, ಹುಲ್ಲು ಅದನ್ನು ಗಾಳಿಯಿಂದಲೇ ತೆಗೆದುಕೊಂಡಿತ್ತು.

ಹಾಗಂತ ಡ್ರಮ್ಮಿನ ಹತ್ತಿರ ಪೈಪಿನ ಬಾಯಿಗೆ ಬೆಂಕಿ ಹಚ್ಚಲು ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಳಗೆ ಗಾಳಿ ಸೇರಿದ್ದರೆ ಬೆಂಕಿ ಹಿಂದಕ್ಕೆ ಓಡುತ್ತದೆ. ಸುಡುವುದಿದ್ದರೆ ಒಲೆಯಲ್ಲೇ ಸುಡಿ. ಒಂದು ಎರಡನೇ ಬರ್ನರ್ ಹಾಕಿಸಿ, ಬಚ್ಚಲಿನ ಹಂಡೆಗೆ ಪೈಪ್ ಎಳೆಯಿರಿ. ಸ್ನಾನದ ನೀರು, ದನದ ಅಕ್ಕಚ್ಚು ಎರಡೂ ಅದರಲ್ಲೇ ಆದರೆ ಕಟ್ಟಿಗೆ ಉಳಿಯಿತು, ಸೊಪ್ಪಿನಬೆಟ್ಟ ಉಳಿಯಿತು. ಪಕ್ಕದ ಮನೆ ಹತ್ತಿರ ಇದ್ದರೆ ಅವರಿಗೂ ಒಂದು ಪೈಪ್ ಕೊಡಿ. ತಗ್ಗಿನಲ್ಲಿ ನೀರು ಕಟ್ಟುತ್ತದೆ, ಅಲ್ಲಿ ನೀರು ತೆಗೆಯುವ ಒಂದು ನಲ್ಲಿ ಬೇಕು, ಅಷ್ಟೇ. ಒಂದು ಘನ ಮೀಟರ್ ಗೋಬರ್ ಗ್ಯಾಸು ಅಂದರೆ ಹೆಚ್ಚುಕಡಿಮೆ 430 ಗ್ರಾಂ ಸಿಲಿಂಡರ್ ಗ್ಯಾಸು. ತಿಂಗಳಿಗೆ ಒಂದು ಸಿಲಿಂಡರ್ ಹತ್ತಿರ ಹತ್ತಿರ ಬರುತ್ತದೆ. ನೆರೆಮನೆಯವರು ಬೇಡ ಅನ್ನುವುದಿಲ್ಲ.

ಇದ್ಯಾವುದೂ ಆಗದಿದ್ದರೆ ಗುಂಡಿಗೆ ಹಾಕುವ ಸಗಣಿಯನ್ನೇ ಕಡಿಮೆ ಮಾಡಿ. 25 ಕೆಜಿ ಸಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸು ಹುಟ್ಟುತ್ತದೆ. ನಿಮಗೆ ಬೇಕಾದಷ್ಟೇ ಕದಡಿ ಹಾಕಿ, ಉಳಿದದ್ದು ಸೊಪ್ಪು, ತರಗೆಲೆ ಜೊತೆ ಗೊಬ್ಬರದ ಗುಂಡಿಗೆ ಹೋಗಲಿ, ಆಗಾಗ ಮಗುಚಿ ಗಾಳಿ ಆಡಿಸಿ. ಎಣ್ಣೆ ಬಾವಿಯವನಿಗೆ ಈ ಅನುಕೂಲ ಇಲ್ಲ. ಗ್ಯಾಸು ಬೇಡ ಅಂದರೆ ಅವನು ಎಣ್ಣೆಯನ್ನೇ ನಿಲ್ಲಿಸಬೇಕಾಗುತ್ತದೆ, ಇಲ್ಲಾಂದ್ರೆ ಗ್ಯಾಸನ್ನು ಪಂಪ್ ಮಾಡಿ ವಾಪಸ್ ನೆಲದೊಳಗೆ ತಳ್ಳಬೇಕಾಗುತ್ತದೆ.

ಪ್ರಶ್ನೆ: ನಾನು ಎರಡು ಹಂಗಾಮು ರತ್ನಾಗಿರಿ ಕಡೆಯ ಟ್ರಾಲರಿನಲ್ಲಿ ದುಡಿದವನು. ಮುಂಬೈ ಆಚೆ ದೂರ ಹೋದಾಗ ಸಮುದ್ರದ ಮಧ್ಯೆ ಕಬ್ಬಿಣದ ಮನೆಗಳು, ಮೇಲೆ ಬೆಂಕಿ ಕಂಡಿದ್ದೆ. ಹತ್ತಿರ ಮೀನು ಜಾಸ್ತಿ ಅಂತ ಬೋಟಿನ ಮುಖ್ಯಸ್ಥ ತಾಂಡೇಲ ಹೇಳುತ್ತಿದ್ದ, ಆದರೆ ಹೋಗಲು ಬಿಡುತ್ತಿರಲಿಲ್ಲ. ಅಲ್ಲೂ ಗ್ಯಾಸು ಹಾಳಾಗುತ್ತಿದೆಯಾ?
ಮೀನುಗಾರ, ಬೈತಖೋಲ್, ಕಾರವಾರ

ಉತ್ತರ: ನೀವು ನೋಡಿದ್ದು ಮುಂಬೈ ಹೈ ಅನ್ನುವ ಎಣ್ಣೆ ಕ್ಷೇತ್ರ ಇರಬೇಕು. ಮುಂಬೈಯಿಂದ ಪಶ್ಚಿಮಕ್ಕೆ 160 ಕಿಲೋಮೀಟರ್ ದೂರ. 1974ರಲ್ಲಿ ಸಾಗರ್ ಸಾಮ್ರಾಟ್ ಅನ್ನುವ ಬಾವಿ ಕೊರೆಯುವ ರಿಗ್ ಅಲ್ಲಿ ಎಣ್ಣೆ ಕಂಡುಹಿಡಿಯಿತು, 1976ರಲ್ಲಿ ಎಣ್ಣೆ ತೆಗೆಯಲು ಶುರು ಮಾಡಿದರು. ಮೊದಲ ವರ್ಷಗಳಲ್ಲಿ ಅಲ್ಲೂ ತುಂಬಾ ಗ್ಯಾಸು ಸುಟ್ಟಿದ್ದಾರೆ. ಆಮೇಲೆ ಸಮುದ್ರದ ತಳದಲ್ಲಿ ಉರಣ್‌ಗೆ, ಗುಜರಾತಿನ ಹಜೀರಾಕ್ಕೆ ಪೈಪ್ ಬಂತು. ಹಜೀರಾದಿಂದ ಉತ್ತರ ಪ್ರದೇಶದ ಜಗದೀಶಪುರದವರೆಗೆ ಸಾವಿರಾರು ಕಿಲೋಮೀಟರ್ ಪೈಪ್ ಹಾಸಲು 1984ರಲ್ಲಿ ಗೇಲ್ ಅನ್ನುವ ಸರ್ಕಾರಿ ಗ್ಯಾಸ್ ಸಂಸ್ಥೆಯನ್ನೇ ಕಟ್ಟಿದರು. ಆ ಪೈಪಿನ ದಾರಿಯಲ್ಲಿ ಯೂರಿಯಾ ಕಾರ್ಖಾನೆಗಳು ಬಂದವು. ಸುಟ್ಟುಹೋಗುತ್ತಿದ್ದ ಗ್ಯಾಸು ಭತ್ತದ ಗದ್ದೆಯ ಗೊಬ್ಬರವಾಯಿತು. ನಮ್ಮ ದೇಶ ಈ ವಿಷಯದಲ್ಲಿ ಮಾಡಿದ ಒಳ್ಳೆಯ ಕೆಲಸ ಇದು, ಹೇಳಿಕೊಳ್ಳಬೇಕು. ಈಗ ಅಲ್ಲಿ ಉಳಿದಿರುವುದು ಹೆಚ್ಚಾಗಿ ಸುರಕ್ಷತೆಯ ಬೆಂಕಿ.

ಮೀನಿನ ಮಾತು ನಿಜ. ಕಂಬಗಳಿಗೆ ನೀಲಿಕಲ್ಲು ಅನ್ನುವ ಚಿಪ್ಪುಜೀವಿ ಅಂಟಿ ಬೆಳೆಯುತ್ತದೆ, ಬಂಡೆಯ ಹಾಗೆ ಆಗುತ್ತದೆ, ಬೆಳಕಿಗೂ ಮೀನು ಸೇರುತ್ತದೆ. ಆದರೆ ಪ್ಲಾಟ್‌ಫಾರ್ಮಿನ ಸುತ್ತ 500 ಮೀಟರ್ ಒಳಗೆ ಹೋಗುವಂತಿಲ್ಲ, ಅದು ಕಾನೂನು. ನಿಮ್ಮ ತಾಂಡೇಲ ಸರಿಯಾಗಿಯೇ ತಡೆದಿದ್ದಾನೆ. ಅಲ್ಲಿ ತಳದಲ್ಲಿ ಪೈಪುಗಳ ಜಾಲ ಇದೆ, ಬಲೆ ಸಿಕ್ಕಿಕೊಂಡರೆ ಬಲೆಯೂ ಹೋಯಿತು, ಬೋಟಿಗೂ ಅಪಾಯ. ಹಕ್ಕಿಗಳ ಗತಿ ಇನ್ನೂ ಕಷ್ಟ. 2013ರ ಸೆಪ್ಟೆಂಬರಿನಲ್ಲಿ ಕೆನಡಾದ ಸೇಂಟ್ ಜಾನ್ ಅನ್ನುವ ಊರಿನ ಗ್ಯಾಸ್ ಟರ್ಮಿನಲ್‌ನಲ್ಲಿ ಮಂಜಿನ ರಾತ್ರಿ ಬೆಳಕಿಗೆ ಸೆಳೆದು ಬಂದ ಸುಮಾರು 7,500 ವಲಸೆ ಹಕ್ಕಿಗಳು ಫ್ಲೇರ್‌ಗೆ ಬಿದ್ದು ಸತ್ತವು.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದೂ ಯಾವ ಸರ್ಕಾರವೂ ತಡೆಯುವುದಿಲ್ಲವೇ? 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವಳು ನಾನು. ಇಂಥ ಮಳೆಗೂ ಆ ಬೆಂಕಿಗೂ ಸಂಬಂಧ ಇದೆಯೇ? ಮಕ್ಕಳು ಕೇಳುತ್ತಾರೆ.
ಶಾಲಾ ಶಿಕ್ಷಕಿ, ಅಂಕೋಲಾ

ಉತ್ತರ: ಟೀಚರ್, ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಇರಾಕಿನ ಯಾವುದೋ ಕಂಬದ ಬೆಂಕಿ ಶಿರೂರಿನ ಗುಡ್ಡ ಕೆಡವಿತು ಅಂತ ಮಕ್ಕಳಿಗೆ ಹೇಳಬೇಡಿ. ಗುಡ್ಡದ ಬುಡ ಕಡಿದದ್ದು, ಇಳಿಜಾರಿನ ಮಣ್ಣು, ಅದರ ಮೇಲೆ ಬಿದ್ದ ವಿಪರೀತ ಮಳೆ, ಇವೆಲ್ಲ ಸೇರಿ ಆ ದಿನ ಆದದ್ದು. ಆದರೆ ನಮ್ಮ ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡಿಯುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಆ ಬಿಸಿಗೆ ಕಾರಣವಾದ ಹೊಗೆಯಲ್ಲಿ ಫ್ಲೇರ್‌ಗಳ ಪಾಲೂ ಇದೆ: 2024ರಲ್ಲಿ 38.9 ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಕಲ್ಲಿದ್ದಲಿನ ಮುಂದೆ ಇದು ಸಣ್ಣದು. ಆದರೆ ಕಲ್ಲಿದ್ದಲು ಸುಟ್ಟರೆ ಒಂದು ಬಲ್ಬಾದರೂ ಉರಿಯುತ್ತದೆ. ಇದರಿಂದ ಏನೂ ಇಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಇನ್ನು ಸರ್ಕಾರಗಳ ಮಾತು. ಎರಡು ದೇಶಗಳ ಕಥೆ ಪಾಠದಲ್ಲಿ ಹೇಳಿ.

ನಾರ್ವೆ. 1969ರಲ್ಲಿ ಎಣ್ಣೆ ಸಿಕ್ಕಿತು. 1971ರಲ್ಲೇ, ಇನ್ನೂ ಎಣ್ಣೆ ಸರಿಯಾಗಿ ಹರಿಯುವ ಮೊದಲೇ, ಅಲ್ಲಿನ ಸಂಸತ್ತಿನ ಸಮಿತಿ ಹತ್ತು ಸೂತ್ರ ಬರೆಯಿತು. ಅದರಲ್ಲಿ ಒಂದು: ಬಳಸಬಹುದಾದ ಗ್ಯಾಸನ್ನು ಸುಡುವಂತಿಲ್ಲ, ಪರೀಕ್ಷೆಗೆ ಸ್ವಲ್ಪ ಕಾಲ ಬಿಟ್ಟರೆ. ಗ್ಯಾಸಿಗೆ ದಾರಿ ತೋರಿಸಿ, ಆಮೇಲೆ ಎಣ್ಣೆ ತೆಗೆಯಿರಿ ಅಂತ ಕಂಪನಿಗಳಿಗೆ ಹೇಳಿದರು. 1991ರಲ್ಲಿ ಸುಟ್ಟದ್ದಕ್ಕೆ ತೆರಿಗೆಯನ್ನೂ ಹಾಕಿದರು. ಕಂಪನಿಗಳು ಓಡಿಹೋಗಲಿಲ್ಲ, ಪೈಪ್ ಹಾಸಿದವು.

ನೈಜೀರಿಯಾ. 1956ರಲ್ಲಿ ಒಲೊಯಿಬಿರಿ ಅನ್ನುವ ಹಳ್ಳಿಯಲ್ಲಿ ಎಣ್ಣೆ ಸಿಕ್ಕಿತು. ನಮ್ಮ ಅಘನಾಶಿನಿ ಅಳಿವೆಯ ಹಾಗೆಯೇ ಕಾಂಡ್ಲಾ ಕಾಡು, ಹಿನ್ನೀರು, ಮೀನು ಇರುವ ನಾಡು ಅದು, ಆದರೆ ಎಷ್ಟೋ ಪಟ್ಟು ದೊಡ್ಡದು. ಅಲ್ಲಿ ಫ್ಲೇರ್ ಹಚ್ಚಿದ್ದು ಮರುಭೂಮಿಯಲ್ಲಲ್ಲ, ಊರ ಪಕ್ಕದಲ್ಲಿ. ಕೆಲವು ಕಡೆ ಎತ್ತರದ ಕಂಬವೂ ಇಲ್ಲ, ನೆಲಮಟ್ಟದಲ್ಲೇ ಬೆಂಕಿ. ರಾತ್ರಿ ಕತ್ತಲೆಯೇ ಆಗದ ಹಳ್ಳಿಗಳು. ಹೆಂಗಸರು ಆ ಬೆಂಕಿಯ ಶಾಖಕ್ಕೆ ಮರಗೆಣಸಿನ ಹಿಟ್ಟು ಒಣಗಿಸಲು ಹೋಗುತ್ತಿದ್ದರು, ನಮ್ಮಲ್ಲಿ ದಂಡೆಯ ಮೇಲೆ ಮೀನು ಒಣಗಿಸುವ ಹಾಗೆ, ಆದರೆ ಉಸಿರಿಗೆ ಸಿಗುತ್ತಿದ್ದದ್ದು ಹೊಗೆ. 1979ರಲ್ಲಿ ಕಾನೂನು ಮಾಡಿ 1984ರ ಹೊತ್ತಿಗೆ ನಿಲ್ಲಿಸಬೇಕು ಅಂದರು. ಆದರೆ ವಿನಾಯಿತಿ ಕೊಟ್ಟರು, ದಂಡ ಎಷ್ಟು ಕಡಿಮೆ ಇಟ್ಟರೆಂದರೆ ಪೈಪ್ ಹಾಸುವುದಕ್ಕಿಂತ ದಂಡ ಕಟ್ಟುವುದೇ ಲಾಭ. 2005ರಲ್ಲಿ ಬೆನಿನ್ ನಗರದ ಹೈಕೋರ್ಟ್, ಹೀಗೆ ಸುಡುವುದು ಅಲ್ಲಿನ ಜನರ ಬದುಕುವ ಹಕ್ಕಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಬೆಂಕಿ ಆಗಲೂ ಆರಲಿಲ್ಲ. ಬೆಂಕಿ ಕಡಿಮೆಯಾದದ್ದು ಗ್ಯಾಸಿಗೆ ಗಿರಾಕಿ ಸಿಕ್ಕಾಗ. 1999ರಿಂದ ಬಾನಿ ಅನ್ನುವ ಕಡೆ ದ್ರವ ಮಾಡಿ ಹಡಗಿಗೆ ತುಂಬುತ್ತಿದ್ದಾರೆ, ಅಲ್ಲಿಂದ ಮುಂದೆ ಸುಡುವುದು ಬಹಳ ಇಳಿದಿದೆ. ಇಳಿದೂ ಇನ್ನೂ ಮೊದಲ ಒಂಬತ್ತು ದೇಶಗಳ ಪಟ್ಟಿಯಲ್ಲೇ ಇದೆ. ರಷ್ಯಾ, ಇರಾನ್, ಇರಾಕ್, ಅಮೆರಿಕ, ವೆನೆಜುವೆಲಾ, ಅಲ್ಜೀರಿಯಾ, ಲಿಬಿಯಾ, ಮೆಕ್ಸಿಕೊ, ನೈಜೀರಿಯಾ, ಈ ಒಂಬತ್ತೇ ಜಗತ್ತಿನ ಮುಕ್ಕಾಲು ಪಾಲು ಸುಡುತ್ತವೆ. ಇವು ತೆಗೆಯುವ ಎಣ್ಣೆ ಮಾತ್ರ ಜಗತ್ತಿನ ಅರ್ಧಕ್ಕಿಂತ ಕಡಿಮೆ. ಇರಾಕ್ ಅಂತೂ ಒಂದು ಕಡೆ ಬಸ್ರಾದಲ್ಲಿ ಗ್ಯಾಸು ಸುಡುತ್ತಾ, ಇನ್ನೊಂದು ಕಡೆ ಕರೆಂಟು ಮಾಡಲು ಇರಾನಿನಿಂದ ಗ್ಯಾಸು ಕೊಳ್ಳುತ್ತಾ ವರ್ಷಗಳನ್ನು ಕಳೆಯಿತು.

2015ರಲ್ಲಿ ವಿಶ್ವ ಬ್ಯಾಂಕ್ ಮತ್ತು ವಿಶ್ವಸಂಸ್ಥೆ ಸೇರಿ, 2030ರ ಹೊತ್ತಿಗೆ ದಿನನಿತ್ಯದ ಸುಡುವಿಕೆ ಪೂರ್ತಿ ನಿಲ್ಲಬೇಕು ಅಂತ ದೇಶಗಳಿಂದ, ಕಂಪನಿಗಳಿಂದ ಮಾತು ತೆಗೆದುಕೊಂಡವು. ಅದಾಗಿ ಒಂಬತ್ತು ವರ್ಷಕ್ಕೆ ಸುಟ್ಟದ್ದು ಇನ್ನೂ ಜಾಸ್ತಿಯಾಗಿದೆ. ಯುರೋಪಿನ ಆಮದು ದರದಲ್ಲಿ ನೋಡಿದರೆ 2024ರಲ್ಲಿ ಸುಟ್ಟದ್ದರ ಬೆಲೆ 6,300 ಕೋಟಿ ಡಾಲರ್. ಮಾತು ಕೊಟ್ಟರೆ ಸಾಲದು, ನಾರ್ವೆಯ ಹಾಗೆ ಮೊದಲೇ ಬಾಗಿಲು ಹಾಕಬೇಕು ಅಂತ ನನಗೆ ಖಚಿತವಾಗಿ ಅನಿಸುತ್ತದೆ. ಬಾವಿ ತೋಡುವ ಅನುಮತಿಯಲ್ಲೇ ಗ್ಯಾಸಿನ ಪೈಪಿನ ನಕ್ಷೆ ಇರಬೇಕು. ಎಣ್ಣೆ ಹರಿಯಲು ಶುರುವಾದ ಮೇಲೆ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಸುರತ್ಕಲ್ ಹತ್ತಿರ ರಿಫೈನರಿಯ ಬೆಂಕಿ ಕಾಣುತ್ತದೆ. ಒಂದು ದಿನ ದೀಪದಷ್ಟು, ಇನ್ನೊಂದು ದಿನ ಆಕಾಶಕ್ಕೆ. ಜಾಸ್ತಿ ಇದ್ದ ದಿನ ಹೆದರಬೇಕಾ? ಅದನ್ನೂ ನಿಲ್ಲಿಸಬೇಕಲ್ವಾ?
ನರ್ಸಿಂಗ್ ವಿದ್ಯಾರ್ಥಿನಿ, ಕಾರವಾರ

ಉತ್ತರ: ಅದನ್ನು ನಿಲ್ಲಿಸಬಾರದು. ಅದು ಕುಕ್ಕರಿನ ಸೀಟಿ ಇದ್ದ ಹಾಗೆ. ಒಳಗೆ ಎಲ್ಲೋ ಒತ್ತಡ ಏರಿದರೆ, ಕರೆಂಟು ಹೋದರೆ, ಒಂದು ಘಟಕವನ್ನು ನಿಲ್ಲಿಸಿ ಮತ್ತೆ ಶುರು ಮಾಡುವಾಗ, ಗ್ಯಾಸು ಸುರಕ್ಷಿತವಾಗಿ ಹೋಗಲು ಒಂದೇ ದಾರಿ ಆ ಕಂಬ. ಬೆಂಕಿ ಎತ್ತರ ಇದ್ದ ದಿನ ಕಂಬ ತನ್ನ ಕೆಲಸ ಮಾಡುತ್ತಿದೆ ಅಂತ ತಿಳಿಯಿರಿ. ಭಟ್ಕಳದ ತಂಗಿ ನಾಲ್ಕು ವರ್ಷದಿಂದ ನೋಡುತ್ತಿರುವ ಬೆಂಕಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ನೋಡಬೇಕಾದದ್ದು ಎತ್ತರವನ್ನಲ್ಲ, ಹೊಗೆಯ ಬಣ್ಣವನ್ನು. ತುದಿಗೆ ಆವಿ ಸರಿಯಾಗಿ ಬಿಟ್ಟರೆ ಗಾಳಿ ಚೆನ್ನಾಗಿ ಬೆರೆತು ಬೆಂಕಿ ಹಳದಿಯಾಗಿ, ಹೊಗೆ ಇಲ್ಲದೆ ಉರಿಯುತ್ತದೆ. ಕಪ್ಪು ಹೊಗೆ ಐದು ಹತ್ತು ನಿಮಿಷ ಬಂದು ನಿಂತರೆ ಅದು ಆಗುವಂಥದ್ದೇ. ತಾಸುಗಟ್ಟಲೆ ಬಂದರೆ, ಅದೂ ಮತ್ತೆ ಮತ್ತೆ ಬಂದರೆ, ಫೋಟೋ ತೆಗೆದು, ದಿನ, ಹೊತ್ತು, ಗಾಳಿ ಯಾವ ಕಡೆಗಿತ್ತು ಅನ್ನುವುದನ್ನು ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಗಳೂರು ಕಚೇರಿಗೆ ಕಳಿಸಿ. ಹೊತ್ತು ಬರೆಯಲು ಮರೆಯಬೇಡಿ. ಪ್ಲಾಂಟಿನ ಲಾಗ್ ಪುಸ್ತಕದಲ್ಲಿ ಆ ಹೊತ್ತಿಗೆ ಏನು ಬರೆದಿದ್ದಾರೆ ಅಂತ ಅಧಿಕಾರಿಗಳು ತೆಗೆದು ನೋಡಬೇಕೆಂದರೆ ಅದೇ ಬೇಕು.